ಅಪ್‌ಡೇಟ್: ಇಕೋ ಎಡಿಟರ್ ಕೊನೆಗೂ ಓಡಿತು

ಪೈಥಾನ್, ಎಸ್‌ಕ್ಯುಎಲ್, ಎಚ್‌ಟಿಎಂಎಲ್ ಥರದ ಕೋಡಿಂಗ್ ಭಾಷೆಗಳನ್ನೆಲ್ಲ ಒಂದೇ ಫೈಲಿನಲ್ಲಿ ಬೆರೆಸಿ ಬರೆಯುವ ಇಕೋ ಎಡಿಟರ್ ಉಬುಂಟು 24.04ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ, ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್ ಎರರ್ ಕೊಡುತ್ತಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್ ರೀ. ಈಗ ಓಡುತ್ತಿದೆ.

ತಕರಾರು ಇಕೋದ್ದಲ್ಲ, ಉಬುಂಟುವಿನದು. ಸಿಸ್ಟಮ್ ಪೈಥಾನ್ ಒಳಗೆ ಪಿಪ್‌ನಿಂದ ನೇರವಾಗಿ ಏನನ್ನೂ ಹಾಕಲು ಅದು ಬಿಡುವುದಿಲ್ಲ. ನೀವು ಹೇಳಿದಂತೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್ಮಿಗೆ ತಾಗದ ಪ್ರತ್ಯೇಕ ಪೈಥಾನ್ ಜಾಗ) ಮಾಡಿ, ಇಕೋದ ವಿಂಡೋ ತೋರಿಸಲು ಬೇಕಾದ ಪೈಕ್ಯುಟಿ ಲೈಬ್ರರಿಯನ್ನು ಅದರೊಳಗೆ ಹಾಕಿದೆ. ನಡುವೆ ಕರೆಂಟ್ ಹೋಯಿತು. ಬಿಡಿ, ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಇದು ಮಾಮೂಲು.

ಟೆಸ್ಟ್ ಮಾಡಲು ತೊಗರಿ ರೇಟ್ ತೋರಿಸುವ ಸಣ್ಣ ಪ್ರೋಗ್ರಾಂ ಬರೆದೆ. ಪೈಥಾನ್ ನಡುವೆ ಒಂದು ಲ್ಯಾಂಗ್ವೇಜ್ ಬಾಕ್ಸ್ (ಬೇರೆ ಭಾಷೆಯ ಕೋಡ್ ಬರೆಯುವ ಚೌಕ) ತೆರೆದು ಅದರಲ್ಲಿ ಡೇಟಾಬೇಸಿನಿಂದ ರೇಟ್ ಕೇಳುವ ಎಸ್‌ಕ್ಯುಎಲ್ ಕ್ವೆರಿ ಹಾಕಿದೆ. ಸುತ್ತ ಕೋಟ್ ಗುರುತು ಬೇಕಿಲ್ಲ, ನೋಡಿ! ಸುಮ್ನೆ ಕ್ವೆರಿಯಲ್ಲಿನ 'ವೇರ್' (WHERE) ಪದದ ಸ್ಪೆಲ್ಲಿಂಗ್ ಕೆಡಿಸಿ ನೋಡಿದೆ. ಟೈಪ್ ಮಾಡುತ್ತಿದ್ದಂತೆಯೇ ಆ ಬಾಕ್ಸಿನಲ್ಲಿ ಮಾತ್ರ ತಪ್ಪು ತೋರಿಸಿತು, ಹೊರಗಿನ ಪೈಥಾನ್ ಕೋಡ್ ತನ್ನ ಪಾಡಿಗೆ ಇತ್ತು. ಮಾಮೂಲಿ ಎಡಿಟರಿನಲ್ಲಿ ಆ ಕ್ವೆರಿ ಕೋಟ್ ಒಳಗಿನ ಬರೀ ಸ್ಟ್ರಿಂಗ್ (ಸಾದಾ ಅಕ್ಷರಗಳ ಸಾಲು) ಅಲ್ವಾ? ರನ್ ಮಾಡುವವರೆಗೂ ತಪ್ಪು ಗೊತ್ತೇ ಆಗುವುದಿಲ್ಲ.

ಇಕೋವನ್ನು ಕಟ್ಟಿದವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಲೂಕಾಸ್ ಡೀಕ್‌ಮನ್ ಮತ್ತು ಲಾರೆನ್ಸ್ ಟ್ರ್ಯಾಟ್. 2014ರಲ್ಲಿ ಇದರ ಬಗ್ಗೆ ಪೇಪರ್ ಬರೆದಿದ್ದಾರೆ. ಸಂಶೋಧನೆಗೆಂದು ಮಾಡಿದ ಎಡಿಟರ್, ದಿನದ ಕೆಲಸಕ್ಕೆ ನಾನಂತೂ ಇಟ್ಟುಕೊಳ್ಳುವುದಿಲ್ಲ. ಫೈಲನ್ನು ತನ್ನದೇ ಫಾರ್ಮ್ಯಾಟಿನಲ್ಲಿ ಸೇವ್ ಮಾಡುತ್ತದೆ, ಹಾಗಾಗಿ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಏನು ಬದಲಾಯಿತು ಅಂತ ನೋಡುವುದು ಕಷ್ಟ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ.