ಬಿಳಿ ತಿಮಿಂಗಿಲಕ್ಕೆ ಒಂದೇ ಅರ್ಥ ಸಾಕಾ?

ರಾತ್ರಿ ಓದುಗ: ನಮಗೆ ಎಂ.ಎ.ಗೆ ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ ಇದೆ. 1851ರ ಕಾದಂಬರಿ, 135 ಅಧ್ಯಾಯ. ಏಹಬ್ ಅನ್ನೋ ಕ್ಯಾಪ್ಟನ್ ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲದ ಬೆನ್ನು ಹತ್ತಿ ಹೋಗಿ, ಹಡಗು ಜನ ಎಲ್ಲವನ್ನೂ ಮುಳುಗಿಸುವ ಕಥೆ. ನೋಟ್ಸ್‌ನಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ. ತಿಮಿಂಗಿಲ ಅಂದರೆ ವಿಧಿ. ಏಹಬ್ ಅಂದರೆ ಅಹಂಕಾರ. ಪೀಕ್ವಾಡ್ ಹಡಗು ಅಂದರೆ ಅಮೆರಿಕ. ಶವಪೆಟ್ಟಿಗೆ ಅಂದರೆ ಮರುಹುಟ್ಟು. ಇಷ್ಟು ಬಾಯಿಪಾಠ ಮಾಡಿದರೆ ಸಾಕು ಅನ್ನೋದಾದರೆ ಪುಸ್ತಕ ಯಾಕೆ? ನನ್ನನ್ನು ಕೇಳಿದರೆ ಸಂಕೇತ ಹುಡುಕುವ ಚಾಳಿಯನ್ನೇ ಬಿಡಬೇಕು. ಇದನ್ನು ರೂಪಕಕಥೆ ಅಂದುಕೊಂಡುಬಿಟ್ಟೀರಿ ಅಂತ 45ನೇ ಅಧ್ಯಾಯದಲ್ಲಿ ಕಥೆ ಹೇಳುವ ಇಶ್ಮೇಲ್‌ನೇ ಎಚ್ಚರಿಸುತ್ತಾನೆ. ಅಲ್ಲಿಗೆ ಮುಗೀತು ಅಲ್ವಾ?

ಹಳೇ ಮೇಷ್ಟ್ರು: ಎಲ್ಲಿ ಮುಗೀತಪ್ಪಾ? ಮೂರು ಅಧ್ಯಾಯ ಹಿಂದೆ ಹೋಗು. 42 ಪೂರ್ತಿ ಬಿಳಿ ಬಣ್ಣದ ಮೇಲೆಯೇ ಇದೆ. ಪವಿತ್ರ ಅನ್ನಿಸಬೇಕಾದ ಬಿಳಿ ಹೆದರಿಕೆ ಯಾಕೆ ಹುಟ್ಟಿಸುತ್ತದೆ ಅಂತ ಹಿಮಕರಡಿ, ಬಿಳಿ ಶಾರ್ಕ್, ಆಲ್ಬಟ್ರಾಸ್ ಹಕ್ಕಿ ಎಲ್ಲವನ್ನೂ ಎಳೆದು ತರುತ್ತಾನೆ. ಏಹಬ್‌ಗೆ ತಿಮಿಂಗಿಲ ಏನಾಗಿತ್ತು ಅನ್ನೋದು ಒಂದು, ನನಗೆ ಏನಾಗಿತ್ತು ಅನ್ನೋದು ಇನ್ನೊಂದು ಅಂತ ಮೊದಲ ಸಾಲಲ್ಲೇ ಬೇರೆ ಮಾಡುತ್ತಾನೆ. ಸಂಕೇತ ಬೇಡ ಅನ್ನುವವನು ಹೀಗೆ ಬರೆಯುತ್ತಾನಾ? ನಿನ್ನ ನೋಟ್ಸ್‌ನಲ್ಲಿ ಬಿಟ್ಟುಹೋಗಿರುವುದು ಒಂದೇ: ಅದು ಯಾರ ಪಾಲಿನ ಅರ್ಥ ಅನ್ನೋದು.

ಕಡಲಮಗ: ಮೇಷ್ಟ್ರೇ, 45ರ ಮಾತು ಸುಮ್ನೆ ಅಲ್ಲ ಮಾರಾಯ್ರೆ. 1820ರಲ್ಲಿ ಎಸೆಕ್ಸ್ ಅನ್ನೋ ಅಮೆರಿಕದ ನಾಂಟುಕೆಟ್ ದ್ವೀಪದ ಹಡಗನ್ನು ಪೆಸಿಫಿಕ್‌ನಲ್ಲಿ ತಿಮಿಂಗಿಲ ನಿಜವಾಗಿಯೂ ಗುದ್ದಿ ಮುಳುಗಿಸಿತ್ತು. ಅದನ್ನೇ ಅಲ್ಲಿ ಸಾಕ್ಷಿ ಕೊಡುವುದು. ಮೆಲ್ವಿಲ್ ಕೂಡ 1841ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿ ದುಡಿದವ. ಅವನ ಸಂಕೇತ ಹುಟ್ಟುವುದು ಕೆಲಸದಿಂದ.

72ನೇ ಅಧ್ಯಾಯ ನೋಡಿ. ಕೊಂದ ತಿಮಿಂಗಿಲವನ್ನು ಹಡಗಿನ ಪಕ್ಕಕ್ಕೆ ಕಟ್ಟಿದ್ದಾರೆ. ಇಶ್ಮೇಲ್‌ನ ಗೆಳೆಯ, ಈಟಿಗಾರ ಕ್ವೀಕ್ವೆಗ್ ಅದರ ಬೆನ್ನ ಮೇಲೆ ನಿಂತಿದ್ದಾನೆ. ಅರ್ಧ ಮೈ ನೀರಲ್ಲಿ, ಸುತ್ತ ಶಾರ್ಕ್. ಅವನ ಸೊಂಟದ ಹಗ್ಗದ ಇನ್ನೊಂದು ತುದಿ, ಮೇಲೆ ಹಡಗಿನಲ್ಲಿ ನಿಂತಿರುವ ಇಶ್ಮೇಲ್‌ನ ಸೊಂಟಕ್ಕೆ ಬಿಗಿದಿದೆ. ಅವನು ಮುಳುಗಿದರೆ ಇವನೂ ಹೋದ. ಅವನನ್ನು ಕಾಪಾಡಲಿಕ್ಕೆ ಇನ್ನಿಬ್ಬರು ಮೇಲಿಂದ ಹರಿತವಾದ ಸಲಿಕೆಯಲ್ಲಿ ಶಾರ್ಕ್‌ಗಳನ್ನು ಕೊಚ್ಚುತ್ತಿದ್ದಾರೆ. ಆ ಏಟು ಅವನ ಕಾಲಿಗೇ ಬೀಳಬಹುದು! ಆಗ ಇಶ್ಮೇಲ್‌ಗೆ ಅನ್ನಿಸುತ್ತದೆ, ಎಲ್ಲರ ಬದುಕೂ ಹೀಗೇ, ನಿನ್ನ ಬ್ಯಾಂಕಿನವ ದಿವಾಳಿಯಾದರೆ ನೀನೂ ಮುಗಿದೆ ಅಂತ. ಇನ್ನೂ ಚೆನ್ನಾಗಿರುವುದು ಅಡಿಟಿಪ್ಪಣಿ. ಬೇರೆ ಹಡಗುಗಳಲ್ಲಿ ಮೇಲಿನವನನ್ನೂ ಹೀಗೆ ಕಟ್ಟುತ್ತಿರಲಿಲ್ಲವಂತೆ. ಇದು ಎರಡನೇ ಮೇಟ್ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ) ಸ್ಟಬ್‌ನ ಐಡಿಯಾ, ಮೇಲಿನವ ಮೈಮರೆಯಬಾರದು ಅಂತ. ತಮಾಷೆ ಮಾಡಿಕೊಂಡೇ ತಿರುಗುವ ಸ್ಟಬ್! ಪಾತ್ರ, ಸಂಕೇತ ಅಂತ ಬೇರೆ ಬೇರೆ ಪ್ರಶ್ನೆ ಕೇಳುವುದಾದರೆ ಇದನ್ನು ಯಾವುದರ ಕೆಳಗೆ ಬರೆಯುವುದು?

ಮಲ್ಲಿಗೆಮೊಗ್ಗು: ಯಾರೂ 99ನೇ ಅಧ್ಯಾಯದ ಸುದ್ದಿ ಎತ್ತಲಿಲ್ಲವಲ್ಲ! ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಅಂತ ಏಹಬ್ ಕಂಬಕ್ಕೆ ಮೊಳೆ ಹೊಡೆದಿಟ್ಟ ಚಿನ್ನದ ನಾಣ್ಯ. ಈಕ್ವೆಡಾರ್‌ನದು. ಮೂರು ಬೆಟ್ಟದ ತುದಿ. ಒಂದರಲ್ಲಿ ಬೆಂಕಿ, ಒಂದರಲ್ಲಿ ಗೋಪುರ, ಒಂದರಲ್ಲಿ ಕೂಗುವ ಹುಂಜ. ಏಹಬ್ ಬಂದು ನೋಡಿ ಮೂರೂ ನಾನೇ ಅನ್ನುತ್ತಾನೆ. ಮೊದಲ ಮೇಟ್, ದೈವಭಕ್ತ ಸ್ಟಾರ್‌ಬಕ್‌ಗೆ ಅದರಲ್ಲಿ ಕ್ರೈಸ್ತರ ತ್ರಯೇಕ ದೇವರು ಕಾಣುತ್ತಾನೆ. ಸ್ಟಬ್ ಪಂಚಾಂಗ ತಂದು ರಾಶಿಚಕ್ರ ಓದುತ್ತಾನೆ. ಕ್ವೀಕ್ವೆಗ್ ತನ್ನ ತೊಡೆಯ ಹಚ್ಚೆಗೆ ತಾಳೆ ನೋಡುತ್ತಾನೆ. ಕೊನೆಗೆ ಬುದ್ಧಿ ಕೆಟ್ಟ ಹುಡುಗ ಪಿಪ್ ಬಂದು ನಾನು ನೋಡುತ್ತೇನೆ, ನೀನು ನೋಡುತ್ತೀ, ಅವನು ನೋಡುತ್ತಾನೆ ಅಂತ ವ್ಯಾಕರಣ ಒಪ್ಪಿಸುತ್ತಾನೆ. ನಮ್ಮ ಈ ಜಗಳವನ್ನೇ ಮೆಲ್ವಿಲ್ ಆಗಲೇ ಬರೆದಿಟ್ಟಿದ್ದಾನೆ. ನಾಣ್ಯಕ್ಕೆ ಅರ್ಥ ಹೇಳಹೊರಟವನು ತನ್ನನ್ನೇ ಬಿಚ್ಚಿಡುತ್ತಾನೆ.

ಲೆಕ್ಕದವನು: ಮೂರನೇ ಮೇಟ್ ಫ್ಲಾಸ್ಕ್‌ನನ್ನು ಬಿಟ್ಟಿರಲ್ಲ! ಅವನೊಬ್ಬನೇ ಅರ್ಥದ ಗೊಡವೆಗೆ ಹೋಗುವುದಿಲ್ಲ. 16 ಡಾಲರ್ ಬಾಳುತ್ತದೆ, ಸಿಗಾರ್‌ಗೆ ಎರಡು ಸೆಂಟ್, ಅಂದರೆ 960 ಸಿಗಾರ್ ಅನ್ನುತ್ತಾನೆ. 800 ಆಗಬೇಕಲ್ವಾ? ಸಂಕೇತ ಬೇಡ, ವಸ್ತು ಮಾತ್ರ ಸಾಕು ಅನ್ನುವವನ ಲೆಕ್ಕವೇ ತಪ್ಪು. ರಾತ್ರಿ ಓದುಗರೇ, ಇದು ನಿಮಗೆ 😄

ರಾತ್ರಿ ಓದುಗ: ಮೆಲ್ವಿಲ್‌ಗೇ ಲೆಕ್ಕ ತಪ್ಪಿರಬಹುದಲ್ಲ! ಅಷ್ಟು ದಪ್ಪ ಪುಸ್ತಕದಲ್ಲಿ ಒಂದು ಗುಣಾಕಾರ ತಪ್ಪಿದರೆ ಅದಕ್ಕೂ ವ್ಯಾಖ್ಯಾನವಾ?

ಹಳೇ ಮೇಷ್ಟ್ರು: ತಪ್ಪಿದ್ದು ಯಾರಿಗೇ ಆಗಿರಲಿ, ಮಾತು ಫ್ಲಾಸ್ಕ್‌ನ ಬಾಯಲ್ಲಿದೆ. ಅವನಿಗೆ ಅದು ಒಪ್ಪುತ್ತದೆ. ನಾನಾದರೆ ಇದನ್ನು ಕ್ಲಾಸಿನಲ್ಲಿ ಹೇಳುತ್ತೇನೆ, ಪರೀಕ್ಷೆಯಲ್ಲಿ ಕೇಳುವುದಿಲ್ಲ.

ಬಾಸ್ಟನ್ ಕಡೆಯವಳು: ಇಲ್ಲಿ ನ್ಯೂ ಬೆಡ್‌ಫರ್ಡ್‌ನ ತಿಮಿಂಗಿಲ ಮ್ಯೂಸಿಯಂನಲ್ಲಿ ಪ್ರತಿ ಜನವರಿ ಇಡೀ ಕಾದಂಬರಿಯನ್ನು ಸರದಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಸುಮಾರು 25 ತಾಸು. ಕೂತು ಕೇಳಿದರೆ ಮೊದಲು ಗೊತ್ತಾಗುವುದು ಇದರಲ್ಲಿ ನಗು ಎಷ್ಟಿದೆ ಅನ್ನೋದು. ನೋಟ್ಸ್‌ನವರು ನಗುವುದೇ ಇಲ್ಲ.

ತಂತ್ರದ ಬಗ್ಗೆಯೂ ಒಂದು ಮಾತು. ಏಹಬ್ ಕ್ಯಾಬಿನ್‌ನಲ್ಲಿ ಒಬ್ಬನೇ ಆಡುವ ಮಾತು ಇಶ್ಮೇಲ್‌ಗೆ ಹೇಗೆ ಗೊತ್ತು? 40ನೇ ಅಧ್ಯಾಯವಂತೂ ರಂಗಸೂಚನೆ ಸಮೇತ ಪೂರ್ತಿ ನಾಟಕ. ಹೇಳುವವನೇ ಮಾಯ! ಲಂಡನ್‌ನಲ್ಲಿ ಮೊದಲು ಅಚ್ಚಾದ ಪ್ರತಿಯಲ್ಲಿ ಕೊನೆಯ ಒಂದು ಪುಟ ಬಿಟ್ಟುಹೋಗಿತ್ತು. ಕ್ವೀಕ್ವೆಗ್ ತನಗೆಂದು ಮಾಡಿಸಿದ್ದ ಶವಪೆಟ್ಟಿಗೆ ಹಿಡಿದುಕೊಂಡು ಇಶ್ಮೇಲ್ ಬದುಕುವುದು ಆ ಪುಟದಲ್ಲೇ. ಎಲ್ಲರೂ ಸತ್ತ ಮೇಲೆ ಈ ಕಥೆ ಹೇಳಿದವನು ಯಾರು ಅಂತ ವಿಮರ್ಶಕರು ಬೈದರು. ಬೈದದ್ದು ತಪ್ಪಲ್ಲ ಬಿಡಿ.

ರಾತ್ರಿ ಓದುಗ: ಅಕ್ಕಾ, ಎಲ್ಲ ಸರಿ. ಪರೀಕ್ಷೆಯಲ್ಲಿ ‘ಬಿಳಿ ತಿಮಿಂಗಿಲದ ಸಾಂಕೇತಿಕತೆ’ ಅಂತ ಬಂದರೆ ಏನು ಬರೆಯಲಿ?

ಹಳೇ ಮೇಷ್ಟ್ರು: ಸ್ಟಾರ್‌ಬಕ್‌ನಿಂದ ಶುರು ಮಾಡು. 36ರಲ್ಲಿ ಅವನು ಏಹಬ್‌ಗೆ ಹೇಳುತ್ತಾನೆ: ಅದು ಮೂಕ ಪ್ರಾಣಿ, ತನ್ನ ಸ್ವಭಾವಕ್ಕೆ ತಕ್ಕಂತೆ ಕಚ್ಚಿತು, ಅದರ ಮೇಲೆ ಸೇಡು ಅಂದರೆ ಹುಚ್ಚು. ಏಹಬ್ ಏನನ್ನುತ್ತಾನೆ? ಕಣ್ಣಿಗೆ ಕಾಣುವುದೆಲ್ಲ ರಟ್ಟಿನ ಮುಖವಾಡ, ಅದನ್ನು ಒಡೆದು ಆಚೆ ಹೊಡೆಯಬೇಕು. ಅಂದರೆ ಆ ಹಡಗಿನಲ್ಲಿ ಪ್ರಾಣಿಯನ್ನು ಬರೀ ಪ್ರಾಣಿಯಾಗಿ ನೋಡಲಾರದ ಮೊದಲ ವಿಮರ್ಶಕ ಏಹಬ್‌ನೇ! ಇಬ್ಬರನ್ನೂ ಎದುರಾಬದುರು ನಿಲ್ಲಿಸು. ಆಮೇಲೆ 42ನ್ನು ತಾ. ಪಟ್ಟಿಗೆ ಕೊನೆಯಲ್ಲಿ ಎರಡು ಸಾಲು ಕೊಡು, ಮಾರ್ಕ್ಸ್ ಹೋಗಬಾರದಲ್ಲ.

ಕಡಲಮಗ: ಮೇಷ್ಟ್ರು ಈಗ ನನ್ನ ಕಡೆಗೇ ಬಂದರು.

ಹಳೇ ಮೇಷ್ಟ್ರು: ಬಂದಿಲ್ಲಪ್ಪಾ. ಸ್ಟಾರ್‌ಬಕ್ ಹೇಳಿದ್ದೇ ಸರಿ ಅಂತ ನಾನೆಲ್ಲಿ ಹೇಳಿದೆ? ಹೇಳಬೇಕಾದದ್ದು ಹೇಳಿ, ಆಮೇಲೆ ಬಾಯಿ ಮುಚ್ಚಿ ಹುಕುಂ ಪಾಲಿಸಿದವನು ಅವನು.

ಲೆಕ್ಕದವನು: ಕೊನೆಗೆ ಆ ನಾಣ್ಯ ಯಾರಿಗೆ ಸಿಕ್ಕಿತು?

ಮಲ್ಲಿಗೆಮೊಗ್ಗು: 133ರಲ್ಲಿ ಏಹಬ್ ಮೊದಲು ಕೂಗುತ್ತಾನೆ. ಹೆಚ್ಚು ಕಡಿಮೆ ಅದೇ ಗಳಿಗೆಯಲ್ಲಿ ನಾನೂ ಕಂಡೆ ಅಂತ ಈಟಿಗಾರ ಟಾಷ್ಟೆಗೊ ಹೇಳಿದರೆ, ಇಲ್ಲ, ವಿಧಿ ಅದನ್ನು ನನಗೇ ಎತ್ತಿಟ್ಟಿತ್ತು ಅಂತ ಬಾಯಿ ಮುಚ್ಚಿಸುತ್ತಾನೆ.

ಲೆಕ್ಕದವನು: ಹಾಗಾದರೆ ಟಾಷ್ಟೆಗೊಗೆ ಅರ್ಧ ಬರಬೇಕಿತ್ತು. 8 ಡಾಲರ್, 400 ಸಿಗಾರ್.