ಮೂಗಿನಲ್ಲಿ ಫಂಗಸ್ ಉಂಡೆ: ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ (ಪಾಂಡವಪುರ): ಡಾಕ್ಟ್ರೇ, ನಮ್ಮ ಅವ್ವನಿಗೆ 54 ವರ್ಷ, ಶುಗರ್ ಇದೆ. ಆರು ತಿಂಗಳಿಂದ ಬಲಗಡೆ ಮೂಗು ಮಾತ್ರ ಕಟ್ಟುತ್ತದೆ, ಸಿಂಬಳ ಕೆಟ್ಟ ವಾಸನೆ. ಅದೇ ಕಡೆಯ ಮೇಲಿನ ದವಡೆ ಹಲ್ಲಿಗೆ ಹಿಂದೆ ರೂಟ್ ಕೆನಾಲ್ ಆಗಿತ್ತು. ಸಿ.ಟಿ. ನೋಡಿದವರು 'ಸೈನಸ್‌ನಲ್ಲಿ (ಮೂಗಿನ ಪಕ್ಕದ ಮೂಳೆಯೊಳಗಿನ ಗೂಡು) ಫಂಗಸ್ ಉಂಡೆ ಇದ್ದ ಹಾಗಿದೆ, ಎಂಡೋಸ್ಕೋಪ್ ಹಾಕಿ ತೆಗೆಯಬೇಕು' ಅಂದರು. 2021ರಲ್ಲಿ ನಮ್ಮ ಬೀದಿಯವರೊಬ್ಬರ ಕಣ್ಣೇ ತೆಗೆದಿದ್ದರು. ಅವ್ವ ಅದನ್ನೇ ನೆನೆದು ಹೆದರಿದ್ದಾಳೆ. ಮಾತ್ರೆಯಲ್ಲಿ ಹೋಗಲ್ವಾ?

ಉತ್ತರ (ಕಿವಿ-ಮೂಗು-ಗಂಟಲು ವೈದ್ಯ, ಮೈಸೂರು): 2021ರದ್ದು ಮ್ಯೂಕರ್, ಜನ ಬ್ಲ್ಯಾಕ್ ಫಂಗಸ್ ಅಂತಿದ್ದರಲ್ಲ, ಅದು. ಅದು ರಕ್ತನಾಳಕ್ಕೇ ನುಗ್ಗಿ, ಕೆಲವೇ ದಿನಗಳಲ್ಲಿ ಕಣ್ಣಿನವರೆಗೂ ಹೋಗುತ್ತದೆ. ಉಂಡೆ ಹಾಗಲ್ಲ. ಸೈನಸ್ ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ, ಒಳಪೊರೆಗೆ ಇಳಿಯುವುದಿಲ್ಲ. ಮಾತ್ರೆ ನಾಟದಿರುವುದೂ ಅದಕ್ಕೇ. ಔಷಧಿ ಹೋಗುವುದು ರಕ್ತದಲ್ಲಿ, ಉಂಡೆಗೆ ರಕ್ತವೇ ಹರಿಯಲ್ಲ.

ಹಲ್ಲಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ಕೆನ್ನೆಯ ಸೈನಸ್ಸಿನ ತಳ ಆ ಹಲ್ಲಿನ ಬೇರಿನ ಮೇಲೇ ಇರುತ್ತದೆ. ಬೇರಿಗೆ ತುಂಬಿದ ಸಿಮೆಂಟ್ ಮೇಲಕ್ಕೆ ದಾಟಿದ್ದರೆ ಅದರ ಸುತ್ತ ಫಂಗಸ್ ಬೆಳೆಯುವುದುಂಟು. ಹಲ್ಲಿನ ಡಾಕ್ಟರಿಗೂ ತೋರಿಸಿ.

ಆಪರೇಷನ್‌ಗೆ ಪೂರ್ತಿ ಅರಿವಳಿಕೆ ಕೊಡುತ್ತೇವೆ. 4 ಮಿ.ಮೀ. ದಪ್ಪದ ಎಂಡೋಸ್ಕೋಪ್ ಹೊಳ್ಳೆಯಿಂದಲೇ ಒಳಗೆ ಹೋಗುತ್ತದೆ, ಮುಖದ ಮೇಲೆ ಗಾಯವಿಲ್ಲ. ಸೈನಸ್ ಬಾಯಿ ಅಗಲ ಮಾಡಿ ಉಂಡೆ ತೆಗೆದು ತೊಳೆಯುತ್ತೇವೆ. ನೋಡೋಕೆ ನೆನೆಸಿದ ಕಡಲೆಕಾಯಿ ಹಿಂಡಿ ಥರ! ಅದನ್ನು ಬಯಾಪ್ಸಿಗೆ ಕಳಿಸಲೇಬೇಕು. ಒಳಪೊರೆಗೆ ಇಳಿದಿಲ್ಲ ಅಂತ ರಿಪೋರ್ಟ್ ಬಂದರೆ ಸಾಮಾನ್ಯವಾಗಿ ಫಂಗಸ್ ಔಷಧಿಯೇ ಬೇಡ. ಶುಗರ್ ಮಾತ್ರ ಮೊದಲೇ ಹತೋಟಿಗೆ ಬರಲಿ.

ಕಣ್ಣು ಊದಿದರೆ, ಒಂದು ಎರಡಾಗಿ ಕಂಡರೆ, ಅಂಗುಳ ಕಪ್ಪಾದರೆ ಆಪರೇಷನ್ ತಾರೀಖು ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು (ಮದ್ದೂರು): ನನ್ನ ತಮ್ಮನಿಗೆ ಎರಡು ಸಲ ಆಪರೇಷನ್ ಆದರೂ ಮತ್ತೆ ಬಂತಲ್ಲ ಸರ್?

ವೈದ್ಯ: ಎರಡೂ ಕಡೆ ಪಾಲಿಪ್, ಅಂದರೆ ಮೂಗಿನೊಳಗೆ ಬೆಳೆಯುವ ಮೆತ್ತನೆ ಗಂಟು, ಇತ್ತಾ?

ಇನ್ನೊಬ್ಬರು: ಹೂಂ, ದ್ರಾಕ್ಷಿ ಥರ. ಅಂಟು ಸಿಂಬಳ ಬೇರೆ.

ವೈದ್ಯ: ಹಾಗಾದರೆ ಅದು ಉಂಡೆಯಲ್ಲ, ಅಲರ್ಜಿ ಜಾತಿಯ ಫಂಗಸ್ ಕಾಯಿಲೆ ಇರಬಹುದು. ಅಲ್ಲಿ ಆಪರೇಷನ್ ಅರ್ಧ ಕೆಲಸ. ಸ್ಟೆರಾಯ್ಡ್ ಸ್ಪ್ರೇ, ಉಪ್ಪುನೀರಿನ ತೊಳೆತ ಬಿಟ್ಟರೆ ಮರಳಿ ಬರುವುದು ಜಾಸ್ತಿ. ಮೂಗು ಬಿಡುವಾಯಿತು ಅಂತ ಸ್ಪ್ರೇ ಬಿಟ್ಟುಬಿಟ್ಟರಾ, ಕೇಳಿ ನೋಡಿ. ಉಂಡೆ ಮತ್ತೆ ಬರುವುದು ಅಪರೂಪ.

ಪಾಂಡವಪುರ: ನಮ್ಮದು ಆಲೆಮನೆ ಸರ್. ಅವ್ವ ಸುಮ್ನೆ ಕೂರುವವಳಲ್ಲ.

ವೈದ್ಯ: ಆಪರೇಷನ್ ಆದ ಮೇಲೆ ಮೂರ್ನಾಲ್ಕು ವಾರ ಒಲೆ ಹತ್ತಿರ ಬಿಡಬೇಡಿ, ಹೊಗೆ ಆಗಲ್ಲ. ಸಿಂಬಳವನ್ನು ಜೋರಾಗಿ ಊದಿ ತೆಗೆಯಬಾರದು. ಮೂಗು ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು, ಬೋರ್‌ವೆಲ್ ನೀರು ನೇರವಾಗಿ ಬೇಡ.