ತೋಟಕ್ಕೆ ಇಳಿಯುವವನ ಮೈಮೇಲೆ ಎಷ್ಟು ಕತ್ತಿ ಇರಬೇಕು? ಕಮ್ಮಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಾಗರದ ಕಡೆಯ ಅಡಿಕೆ ಬೆಳೆಗಾರ):
ಆಚಾರಿಯವರಿಗೆ ನಮಸ್ಕಾರ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದವನು ಕಳೆದ ವರ್ಷ ಅಪ್ಪನ ತೋಟಕ್ಕೆ ಮರಳಿದ್ದೇನೆ. ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಮೇಲೆ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಬಂದ ಹುರುಪಿನಲ್ಲಿ ಕಂಡ ಕತ್ತಿಯನ್ನೆಲ್ಲ ಕೊಂಡೆ. ದೊಡ್ಡ ಕತ್ತಿ ಒಂದು, ಕುಡುಗೋಲು ಒಂದು, ಮಡಚುವ ಚಾಕು ಎರಡು, ಇಕ್ಕಳ, ಸ್ಕ್ರೂ ಡ್ರೈವರ್ ಎಲ್ಲ ಒಂದರಲ್ಲೇ ಇರುವ ಉಪಕರಣ ಒಂದು, ಕಾಡಿನಲ್ಲಿ ಬದುಕುಳಿಯಲು ಎಂದು ಮಾರುವ, ಬೆನ್ನಿಗೆ ಗರಗಸದ ಹಲ್ಲಿರುವ ಚಾಕು ಒಂದು. ಒಟ್ಟು ಆರು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಇಳಿದರೆ ಅಪ್ಪ ನಗುತ್ತಾರೆ. ಆರಿಸಿ ಒಯ್ದರೆ ಬೇಕಾದದ್ದೇ ಮನೆಯಲ್ಲಿ ಉಳಿದಿರುತ್ತದೆ. ನಮ್ಮ ದಾರಿಗೆ ಆಷಾಢದ ಗಾಳಿಯಲ್ಲಿ ಮರ ಬೀಳುವುದು ಮಾಮೂಲು, ಅದಕ್ಕೂ ತಯಾರಿರಬೇಕು. ದಿನದ ಕೆಲಸಕ್ಕೂ ಆಪತ್ತಿಗೂ ಸೇರಿಸಿ ಎಷ್ಟು ಸಾಕು?

ಉತ್ತರ (ಕಮ್ಮಾರ):
ಎರಡು. ಸೊಂಟದ ಕೊಕ್ಕೆಯಲ್ಲಿ ಒಂದು ಕತ್ತಿ, ಜೇಬಿನಲ್ಲಿ ಬೆರಳುದ್ದದ ಒಂದು ಚಾಕು. ನಿಮ್ಮ ಅಪ್ಪ ನಕ್ಕದ್ದು ಸರಿಯೇ. ಅವರ ಕೊಕ್ಕೆಯಲ್ಲಿ ಎಷ್ಟಿದೆ ಎಂದು ಒಮ್ಮೆ ನೋಡಿ.

ಒಂದೇ ಸಾಲದೇ ಎಂದು ಕೇಳಬಹುದು. ಸಾಲದು. ಕತ್ತಿಯ ತೂಕ ಇರುವುದು ಮೂತಿಯ ಕಡೆ. ಬೀಸಿದಾಗ ಆ ತೂಕವೇ ಕೆಲಸ ಮಾಡುತ್ತದೆ, ಬಾಗಿದ ತುದಿ ಕೊಂಬೆಯನ್ನು ನಿಮ್ಮತ್ತ ಎಳೆದುಕೊಳ್ಳುತ್ತದೆ. ಅದರಲ್ಲಿ ಮೆಣಸಿನ ಬಳ್ಳಿಗೆ ಕಟ್ಟಿದ ದಾರವನ್ನು ಕೊಯ್ಯಲು ಹೋದರೆ ಬಳ್ಳಿಯೂ ಹೋಗುತ್ತದೆ. ಅಂಗಾಲಿನ ಮುಳ್ಳು ತೆಗೆಯುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಕಸಿ ಕಟ್ಟುವುದು, ಇವೆಲ್ಲ ಸಣ್ಣ ಚಾಕುವಿನ ಕೆಲಸ.

ಆ ಸಣ್ಣದು ಕಬ್ಬಿಣದ್ದೇ ಇರಲಿ, ಸ್ಟೇನ್‌ಲೆಸ್ ಬೇಡ. ಕಾರಣ ನಿಮ್ಮ ತೋಟದಲ್ಲೇ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುತ್ತೀರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಇಟ್ಟಿಗೆ ಬಣ್ಣದ ಪೊರೆ ಕೂತಿದ್ದರೆ ಅದು ತಾಮ್ರ. ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಲೆ, ಹಿಂಗಾರ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ. ಬಣ್ಣ ಕೂರದಿದ್ದರೆ ಹೊಡೆಯಬಹುದು. ಆಮೇಲೆ ಚಾಕುವನ್ನು ತೊಳೆದು ಒರೆಸಿ, ಅದರಲ್ಲೇ ಮಾವಿನಹಣ್ಣು ಕೊಯ್ಯಬೇಡಿ.

ಇನ್ನು ನಿಮ್ಮ ಆರರ ಲೆಕ್ಕ. ಮಸೆಯುವವರು ಯಾರು? ದಿನಾ ಸೊಪ್ಪು ಕಡಿಯುವ ಕತ್ತಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಮಸೆಗಲ್ಲು ಬೇಕು. ಆರನ್ನೂ ಹಾಗೆ ನೋಡಿಕೊಳ್ಳುವ ಗೃಹಸ್ಥನನ್ನು ನಾನಂತೂ ಕಂಡಿಲ್ಲ. ಎರಡು ಹರಿತ, ನಾಲ್ಕು ಮೊಂಡು ಎಂದಾಗುತ್ತದೆ, ಅವಸರದಲ್ಲಿ ಕೈಗೆ ಸಿಗುವುದು ಮೊಂಡು. ಮೊಂಡು ಕತ್ತಿಗೆ ಬಲ ಹಾಕಬೇಕು. ಬಲ ಹಾಕಿದಾಗಲೇ ಅದು ಜಾರಿ ಕಾಲಿಗೆ ಬರುವುದು. ಹರಿತ ನೋಡಲು ಬೆರಳು ಸವರಬೇಡಿ. ಕತ್ತಿಯ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಮೇಲೆ ಮಾಡಿ ಬಿಸಿಲಿಗೆ ಹಿಡಿಯಿರಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಳ್ಳಿಯ ಎಳೆಯಂತೆ ಗೆರೆ ಹೊಳೆದರೆ ಮೊಂಡಾಗಿದೆ, ಹೊಳಪು ಎಲ್ಲಿ ತುಂಡಾಗಿದೆಯೋ ಅಲ್ಲಿ ಮಾತ್ರ ಹರಿತ ಉಳಿದಿದೆ.

ಹೆಚ್ಚು ಕತ್ತಿ ಹೊತ್ತು ನಾನೂ ಪಾಠ ಕಲಿತಿದ್ದೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಜಂಬಕ್ಕೆ ಒಂದೇ ಕೊಕ್ಕೆಗೆ ಎರಡು ಕತ್ತಿ ಸಿಕ್ಕಿಸಿ ಹಳ್ಳದ ಸಂಕ (ಕಾಲುಸೇತುವೆ) ದಾಟುತ್ತಿದ್ದೆ. ಪಾಚಿಗೆ ಕಾಲು ಜಾರಿತು. ಒಂದು ಕತ್ತಿ ಕೊಕ್ಕೆಯಲ್ಲೇ ಉಳಿಯಿತು, ಇನ್ನೊಂದು ಹಾರಿ ಮೀನಖಂಡವನ್ನು ಸೀಳಿತು. ಏಳು ಹೊಲಿಗೆ. ಕೊಕ್ಕೆಯ ಸೀಳು ಒಂದು ಅಲಗಿನ ದಪ್ಪಕ್ಕೆ ಮಾಡಿದ್ದು, ಎರಡು ತುರುಕಿದರೆ ಎರಡೂ ಸಡಿಲ.

ರಸ್ತೆಗೆ ಬಿದ್ದ ಮರಕ್ಕೆ ಇನ್ನೊಂದು ಕತ್ತಿ ಉತ್ತರವಲ್ಲ. ಮಡಚುವ ಗರಗಸ ಒಂದನ್ನು, ಹತ್ತು ಮಾರು ಹಗ್ಗದೊಂದಿಗೆ ಗಾಡಿಯಲ್ಲಿ ಇಡಿ. ತೊಡೆ ಗಾತ್ರದ ಕೊಂಬೆಯನ್ನು ಕತ್ತಿಯಲ್ಲಿ ಕಡಿಯುವಷ್ಟರಲ್ಲಿ ಗರಗಸದವನು ಕುಯ್ದು ಬದಿಗೆ ಸರಿಸಿ ಮನೆ ಸೇರಿರುತ್ತಾನೆ. ಮರದ ಜೊತೆ ವಿದ್ಯುತ್ ತಂತಿ ಬಿದ್ದಿದ್ದರೆ ಯಾವುದನ್ನೂ ಮುಟ್ಟಬೇಡಿ, ದೂರ ನಿಂತು 1912ಕ್ಕೆ ಫೋನ್ ಮಾಡಿ. ಹಲ್ಲಿನ ಬೆನ್ನಿನ ಆ ಚಾಕು ಹಸಿ ಮರದಲ್ಲಿ ಅರ್ಧ ಅಂಗುಲ ಹೋಗಿ ಕಚ್ಚಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಒಂದು ಹಲಸಿನ ಕೊಂಬೆಯ ಮೇಲೆ ನೋಡಿ.

(ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದು.)

ಪ್ರಶ್ನೆ (ಕೊಡಗಿನಿಂದ ಒಬ್ಬರು):
ಎರಡು ಎಂಬ ಲೆಕ್ಕ ಓದಿ ಖುಷಿಯಾಯಿತು. ನಮ್ಮ ಹಿರಿಯರದ್ದೂ ಇದೇ ಲೆಕ್ಕ. ಕೊಡವರ ಉದ್ದನೆಯ ಕುಪ್ಪಸ ತೊಟ್ಟಾಗ ಮುಂದೆ ಚೇಲೆಯಲ್ಲಿ (ಸೊಂಟದ ಪಟ್ಟಿಯಲ್ಲಿ) ಸಣ್ಣ ಪೀಚೆಕತ್ತಿ, ಹಿಂದೆ ಬೆನ್ನಿಗೆ ಅಗಲ ಅಲಗಿನ ಒಡಿಕತ್ತಿ. ಈಗ ಒಡಿಕತ್ತಿ ಹೊರಗೆ ಬರುವುದು ಮದುವೆಯಲ್ಲಿ ಬಾಳೆ ಕಡಿಯಲು. ಅದರ ಅಗಲವಾದ ಅಲಗು ತೋಟದ ಕೆಲಸಕ್ಕೂ ಆಗುತ್ತದೆಯೇ?

ಉತ್ತರ (ಕಮ್ಮಾರ):
ಬಾಳೆದಿಂಡಿನಂಥ ಮೆದು ಕಾಂಡವನ್ನು ಒಂದೇ ಏಟಿಗೆ ಕತ್ತರಿಸಲು ಆ ಅಗಲ ಚೆನ್ನ. ಒಣ ಕೊಂಬೆಗೆ ಹೊಡೆದರೆ ಬಾಯಿ ಚಕ್ಕೆ ಏಳುತ್ತದೆ. ಅಜ್ಜನ ಕಾಲದ್ದಾದರೆ ಗೋಡೆಯ ಮೇಲೇ ಇರಲಿ ಅಣ್ಣಾ. ತೆಳ್ಳಗೆ ಎಣ್ಣೆ ಸವರಿ ಇಡಿ, ಚರ್ಮದ ಒರೆಯೊಳಗೆ ಇಟ್ಟು ಮರೆಯಬೇಡಿ, ಮಳೆಗಾಲದಲ್ಲಿ ಚರ್ಮವೇ ತೇವ ಹಿಡಿದುಕೊಂಡು ತುಕ್ಕು ತರಿಸುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯ ಕಡೆಯವರು):
ತೋಟ ಇರುವುದು ಒಂದೂರು, ಮನೆ ಇನ್ನೊಂದೂರು. ಬೈಕಿನಲ್ಲಿ ಕತ್ತಿ ಒಯ್ದರೆ ಪೊಲೀಸರು ಹಿಡಿಯುವುದಿಲ್ಲವೇ?

ಉತ್ತರ (ಕಮ್ಮಾರ):
ವಕೀಲನಲ್ಲ, ಆದರೆ ಕತ್ತಿ ಮಾಡಿ ಮಾರುವವನಿಗೆ ಇಷ್ಟಾದರೂ ಗೊತ್ತಿರಬೇಕು. ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದು ಮಾಡಿದ ಉಪಕರಣಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ ಕತ್ತಿ, ಕುಡುಗೋಲು ಹೊರಗೆ ಉಳಿಯುವುದು ಹೀಗೆ. ಆದರೆ ನಿಷೇಧಾಜ್ಞೆ ಇದ್ದಾಗ ಈ ವಾದ ನಡುರಸ್ತೆಯಲ್ಲಿ ನಿಮ್ಮನ್ನು ಉಳಿಸುತ್ತದೆ ಎಂದು ನಂಬಬೇಡಿ. ಹಿಂದೆ 144ನೇ ಕಲಂ ಎನ್ನುತ್ತಿದ್ದೆವು, 2024ರ ಜುಲೈಯಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಚುನಾವಣೆ, ಜಾತ್ರೆ, ಗಲಾಟೆಯ ದಿನಗಳಲ್ಲಿ ಆ ಕತ್ತಿ ತೋಟದ ಮನೆಯಲ್ಲೇ ಇರಲಿ.

ಉಳಿದ ದಿನ ಗೋಣಿತಾಟಿನಲ್ಲಿ ಸುತ್ತಿ, ಹಗ್ಗ ಬಿಗಿದು, ಹಿಂದಿನ ಕ್ಯಾರಿಯರ್‌ಗೆ ಕಟ್ಟಿ. ಸೊಂಟದಲ್ಲಿ ಸಿಕ್ಕಿಸಿಕೊಂಡು ಪೇಟೆಯ ಚಹಾದಂಗಡಿಗೆ ಹೋಗುವುದು ಬೇಡ. ನಾನು ಆರು ಹೊಸ ಕತ್ತಿಗಳನ್ನು ಬಸ್ಸಿನಲ್ಲಿ ಒಯ್ಯುವಾಗ ಚೀಲ ಹರಿದು ಒಂದರ ಮೂತಿ ಹೊರಗೆ ಇಣುಕಿತ್ತು. ಪಕ್ಕದಲ್ಲಿದ್ದ ಅಜ್ಜಿ ಮುಂದಿನ ನಿಲ್ದಾಣದಲ್ಲೇ ಇಳಿದರು. ಅಂದಿನಿಂದ ಹಿಡಿ ಹಾಕದೆ, ಬಾಯಿ ತೆಗೆಯದೆ ಒಯ್ದು ಅಲ್ಲಿಯೇ ಮುಗಿಸಿಕೊಡುತ್ತೇನೆ.

ಪ್ರಶ್ನೆ (ಇಂಗ್ಲೆಂಡಿನಲ್ಲಿರುವ ಶಿರಸಿಯವರು):
ಇಲ್ಲಿನದೂ ಹೇಳಿಬಿಡುತ್ತೇನೆ. ಕಾರಣ ಕೇಳದೆ ಜೇಬಿನಲ್ಲಿ ಬಿಡುವುದು ಮೂರು ಅಂಗುಲ ಮೀರದ, ಬೀಗ ಬೀಳದ ಮಡಚುವ ಚಾಕುವನ್ನು ಮಾತ್ರ. ತೆರೆದಾಗ ಗಟ್ಟಿಯಾಗಿ ನಿಲ್ಲುವ ಬೀಗದ ಚಾಕು ಎಷ್ಟು ಚಿಕ್ಕದಾದರೂ ತಕ್ಕ ಕಾರಣ ಕೊಡಬೇಕು. ಊರಿನಿಂದ ಪೀಚೆಕತ್ತಿ ತರುವ ಆಸೆಯಿತ್ತು, ಹೇಗೆ?

ಉತ್ತರ (ಕಮ್ಮಾರ):
ವಿಮಾನದಲ್ಲಿ ಕೈಚೀಲಕ್ಕಂತೂ ಆಗದು, ಒಳಗೆ ಕಳಿಸುವ ಪೆಟ್ಟಿಗೆಗೆ ಹಾಕಬೇಕು. ಅಲ್ಲಿನ ಸುಂಕದವರು ಏನೆನ್ನುತ್ತಾರೋ ಮೊದಲೇ ವಿಚಾರಿಸಿ. ನನ್ನ ಮಾತು ಕೇಳಿದರೆ ಅಡಕತ್ತರಿ ಒಯ್ಯಿರಿ, ಊರಿನ ನೆನಪು ಅದರಲ್ಲೂ ಬರುತ್ತದೆ.

ಪ್ರಶ್ನೆ (ಹೊಸನಗರದಿಂದ ಗೃಹಿಣಿ):
ಆಚಾರಿಯವರೇ, ಗಂಡಸರ ಸೊಂಟದ ಲೆಕ್ಕವಾಯಿತು. ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗುವವಳು ನಾನು. ಬಾಳೆಎಲೆ, ಕೆಸುವಿನ ಸೊಪ್ಪು, ಮೇವು. ಮಗಳು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಅವಳ ಚೀಲದಲ್ಲಿ ರಕ್ಷಣೆಗೆ ಒಂದು ಚಾಕು ಇಡಬೇಕೇ? ಇನ್ನೊಂದು, ಹಾವು ಕಚ್ಚಿದರೆ ಗಾಯ ಕೊಯ್ದು ರಕ್ತ ಬಿಡಲು ಚಾಕು ಹತ್ತಿರವಿರಲಿ ಎಂದು ಮಾವ ಹೇಳುತ್ತಿದ್ದರು.

ಉತ್ತರ (ಕಮ್ಮಾರ):
ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ ಅಕ್ಕಾ. ಕೊಯ್ಯಲೇಬಾರದು. ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅಂಥವರ ಕಾಲನ್ನು ನೀವು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಬಾಯಿಂದ ಹೀರುವುದೂ ಬೇಡ, ಬಿಗಿಯಾಗಿ ಕಟ್ಟುವುದೂ ಬೇಡ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿ. ಮದ್ದು ಇರುವುದು ಅಲ್ಲಿ.

ಮಗಳ ಚೀಲಕ್ಕೆ ಚಾಕು ಬೇಡ. ನೂರಾರು ಅಲಗು ಬಡಿದ ಕೈ ನನ್ನದು, ಎಳೆದಾಟದಲ್ಲಿ ಅದು ಯಾರ ಕೈಗೆ ಹೋಗುತ್ತದೆ ಎಂದು ನನಗೂ ಹೇಳಲಾಗದು. ಮೆಟ್ರೋ ಬಾಗಿಲಲ್ಲಿ ಚೀಲ ತಪಾಸಣೆಗೆ ಸಿಕ್ಕಿ ದಿನಾ ಜಗಳ ಬೇರೆ. ಗಟ್ಟಿಯಾಗಿ ಊದುವ ಸೀಟಿ ಕೊಡಿ, ತುರ್ತು ಸಹಾಯದ 112 ಅನ್ನು ಮೊಬೈಲಿನಲ್ಲಿ ಕೈಗೆ ಸಿಗುವಂತೆ ಇಡಲು ಹೇಳಿ.

ನಿಮಗೆ ಹಿತ್ತಲ ಬಾಗಿಲ ಹಿಂದೆ ಒಂದು ಹಗುರ ಕುಡುಗೋಲು, ಒಳಗೆ ಈಳಿಗೆ ಮಣೆ, ಒಂದು ಸಣ್ಣ ಚಾಕು. ಕುಡುಗೋಲನ್ನು ಸೆರಗಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬಾಗಿದಾಗ ಅದರ ಮೂತಿ ಹೊಟ್ಟೆಯ ಕಡೆ ತಿರುಗಿರುತ್ತದೆ. ಹಲಸು ಕೊಯ್ಯುವ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಪ್ರಶ್ನೆ (ಸಾಗರದ ಬೆಳೆಗಾರ, ಹತ್ತು ದಿನದ ಮೇಲೆ):
ಹಲಸಿನ ಕೊಂಬೆಯ ಮೇಲೆ ನೋಡಿದೆ, ಅರ್ಧ ಅಂಗುಲವೂ ಹೋಗಲಿಲ್ಲ. ಎರಡನ್ನೇ ಒಯ್ಯುತ್ತಿದ್ದೇನೆ. ದೊಡ್ಡ ಕತ್ತಿಯನ್ನು ಪೇಟೆಯಲ್ಲಿ ಯಂತ್ರದ ಸಾಣೆಗೆ ಕೊಟ್ಟಿದ್ದೆ. ಈಗ ಬಾಯಿಯ ಉದ್ದಕ್ಕೂ ನೀಲಿ ಬಣ್ಣ ಬಂದಿದೆ, ಎರಡೇ ದಿನಕ್ಕೆ ಮೊಂಡಾಗುತ್ತಿದೆ. ಏನಾಯಿತು?

ಉತ್ತರ (ಕಮ್ಮಾರ):
ಹದ ಸುಟ್ಟುಹೋಗಿದೆ. ಕುಲುಮೆಯಲ್ಲಿ ಕಾಯಿಸಿ ನೀರು ಕೊಟ್ಟ, ಅಂದರೆ ನೀರಿಗೆ ಅದ್ದಿ ಗಡಸು ಮಾಡಿದ ಮೇಲೆ ಬಾಯಿಯನ್ನು ಮತ್ತೆ ಹಗುರವಾಗಿ ಬಿಸಿ ಮಾಡುತ್ತೇವೆ. ಒಣ ಹುಲ್ಲಿನ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ನೀಲಿ ಬಂತೆಂದರೆ ಬಾಯಿ ಮೆದುವಾಯಿತು. ಯಂತ್ರದ ಸಾಣೆಗೆ ಒತ್ತಿ ಹಿಡಿದು, ನಡುನಡುವೆ ನೀರಿಗೆ ಅದ್ದದೆ ಬಿಟ್ಟಿದ್ದಾರೆ. ಮಸೆದು ಸರಿಯಾಗುವುದಲ್ಲ, ಮತ್ತೆ ಕುಲುಮೆ ಕಾಣಬೇಕು. ಹಿಡಿ ಬಿಚ್ಚಿ ತನ್ನಿ. ಗುರುವಾರ ಅಮಾವಾಸ್ಯೆ, ಅಂದು ನಾವು ಕುಲುಮೆ ಹೊತ್ತಿಸುವುದಿಲ್ಲ, ಶುಕ್ರವಾರ ಬೆಳಿಗ್ಗೆ ಬನ್ನಿ. ಹಲ್ಲಿನ ಚಾಕುವನ್ನೂ ತನ್ನಿ, ಉಕ್ಕು ಚೆನ್ನಾಗಿದ್ದರೆ ಬೆನ್ನಿನ ಹಲ್ಲು ತೇಯ್ದು ನಿಮ್ಮ ಅಪ್ಪನಿಗೊಂದು ಜೇಬುಚಾಕು ಮಾಡಿಕೊಡುತ್ತೇನೆ.